ಸೊನ್ನೆ ಹಾಕಿದ್ದು ನಾನು

ಹೋದ ವಾರ ಬಟ್ಟೆ ಒಣಹಾಕುವ ಹಗ್ಗ ಹರಿಯಿತೆಂದು ಯಲಹಂಕ ಹಳೇಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ತೆಂಗಿನ ನಾರಿನ ಹಗ್ಗದ ಸುರುಳಿಯೊಂದನ್ನು ಎಳೆದು, ಗಟ್ಟಿ ಇದೆಯೋ ಇಲ್ಲವೋ ನೋಡಿಕೊಳ್ಳಿ ಎಂದು ತುದಿಯನ್ನು ಹಿಂದಕ್ಕೆ ತಿರುಚಿ ತೋರಿಸಿದರು. ಎರಡು ಎಳೆ ಬಾಯಿಬಿಟ್ಟವು. ಒಳಗಿದ್ದ ನಾರಿನ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು, ನನ್ನ ಬಲ ಅಂಗೈ ಉರಿದ ಹಾಗಾಯಿತು. ನೈಲಾನ್ ಹಗ್ಗವೇ ಸಾಕು ಎಂದು ಅದನ್ನು ತೆಗೆದುಕೊಂಡು ಬಂದೆ.

ಆ ವಾಸನೆ ನನ್ನ ಗೈಡ್ ಅವರ ಕೋಣೆಯದು. ಗೈಡ್ ಎಂದರೆ ನನ್ನ ಪಿಎಚ್.ಡಿ.ಯ ಮಾರ್ಗದರ್ಶಕರು. ಮಾರ್ಗ ತೋರಿಸಿದರೋ ಮಾರ್ಗಕ್ಕೆ ಅಡ್ಡ ಕೂತರೋ ಎಂಬ ಜಗಳ ನನ್ನೊಳಗೆ ಇನ್ನೂ ಮುಗಿದಿಲ್ಲ. ಅವರು ಹೋದ ತಿಂಗಳು ತೀರಿಕೊಂಡರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುವವರಿಗೆ ಈ ಬರಹ ಹಿಡಿಸುವುದಿಲ್ಲ. ಅಂಥವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಹೆಸರಘಟ್ಟ ರಸ್ತೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಭೌತಶಾಸ್ತ್ರ ಪಾಠ ಹೇಳಲು ಬಂದೆ. ಬಾಗಲಗುಂಟೆಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆ, ಜೊತೆಗೆ ಅವ್ವ. ಸೇರಿದ ದಿನವೇ ಆಡಳಿತ ಮಂಡಳಿಯವರು ಬಿಡಿಸಿ ಹೇಳಿದ್ದರು: ಆರು ವರ್ಷದೊಳಗೆ ಡಾಕ್ಟರೇಟ್ ಆಗದಿದ್ದರೆ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕು. ಕಾಲೇಜಿನಲ್ಲೇ ಒಂದು ಸಂಶೋಧನಾ ಕೇಂದ್ರವಿತ್ತು. ಅಲ್ಲಿ ಭೌತಶಾಸ್ತ್ರಕ್ಕೆ ಗೈಡ್ ಅಂತ ಇದ್ದವರು ಅವರೊಬ್ಬರೇ. ನನಗೆ ಬೇರೆ ದಾರಿ ಇರಲಿಲ್ಲ.

ಅವರು ಅಬ್ಬಿಗೆರೆಯ ಹಳೇ ಒಕ್ಕಲು ಮನೆತನದವರು. ಊರು ಬಡಾವಣೆಯಾದಾಗ ತಮ್ಮಂದಿರೆಲ್ಲ ಹೊಲದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿ ದೊಡ್ಡ ಕಾರುಗಳಲ್ಲಿ ಓಡಾಡುತ್ತಿದ್ದರು. ಇವರೊಬ್ಬರು ಹಳೇ ಸ್ಕೂಟರಿನಲ್ಲಿ ಬಂದು, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿಯಲ್ಲಿ ಕೂತು, ಸೂರ್ಯನ ಮೇಲಿನ ಬಿರುಗಾಳಿಗಳನ್ನು ಕಂಪ್ಯೂಟರಿನಲ್ಲಿ ಎಬ್ಬಿಸುತ್ತಿದ್ದರು. ತಮ್ಮಂದಿರು ಹಬ್ಬಕ್ಕೆ ಸೇರಿದಾಗಲೆಲ್ಲ ಅದನ್ನೇ ಎತ್ತಿ ಆಡಿಕೊಳ್ಳುತ್ತಿದ್ದರಂತೆ. ಮನೆಯಲ್ಲಿ ತಿಂದ ಕೊಂಕನ್ನೆಲ್ಲ ಅವರು ಕಾಲೇಜಿಗೆ ಹೊತ್ತು ತಂದು ನಮ್ಮ ತಲೆಯ ಮೇಲೆ ಸುರಿಯುತ್ತಿದ್ದರು ಎಂಬುದು ನನ್ನ ಗುಮಾನಿ.

ಅವರ ಕೈಕೆಳಗೆ ಯಾರೇ ಹೊಸಬರು ಬಂದರೂ ಮೊದಲ ವಾರ ಕಂಪ್ಯೂಟರ್ ಮುಟ್ಟುವ ಹಾಗಿರಲಿಲ್ಲ. ಹಗ್ಗ ಹೊಸೆಯಬೇಕಿತ್ತು. ಕೋಣೆಯ ಮೂಲೆಯಲ್ಲಿ ಒಂದು ಬಕೆಟ್, ಬಕೆಟ್ಟಿನಲ್ಲಿ ನೆನೆಸಿದ ತೆಂಗಿನ ನಾರು. ಚಿನ್ನದ ಪದಕ ತೆಗೆದುಕೊಂಡು ಬಂದವಳು ನಾನು, ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ನಾರು ಉಜ್ಜಿ ಹುರಿ ಮಾಡಿದೆ. ಅಂಗೈ ಸುಲಿಯಿತು. ಯಾಕೆ ಸರ್ ಇದು ಎಂದು ಕೇಳಿದ್ದಕ್ಕೆ, "ಕೈಗೆ ಗೊತ್ತಾಗ್ದೆ ಇದ್ದದ್ದು ತಲೆಗೆ ಎಂಗಮ್ಮ ಗೊತ್ತಾಗ್ತದೆ?" ಎಂದರು. ಸಿಟ್ಟು ಬಂದರೆ ಅವರ ಮಾತಿನಿಂದ ಹಕಾರ ಓಡಿಹೋಗುತ್ತಿತ್ತು.

ವಿಷಯಕ್ಕೂ ಹಗ್ಗಕ್ಕೂ ಸಂಬಂಧ ಇತ್ತು, ಇಲ್ಲವೆನ್ನುವುದಿಲ್ಲ. ಸೂರ್ಯನ ಮೇಲೆ ಕಾಂತಕ್ಷೇತ್ರದ ರೇಖೆಗಳು ಹುರಿಗೊಂಡು ಹಗ್ಗದಂತಾಗುತ್ತವೆ. ಪ್ಲಾಸ್ಮಾ ಎಂಬ ಕಾದ ಅನಿಲ ಆ ರೇಖೆಗಳಿಗೆ ಅಂಟಿಕೊಂಡೇ ಓಡಾಡುತ್ತದೆ. ಅಂಥ ಎರಡು ಹಗ್ಗ ಒಂದಕ್ಕೊಂದು ಹತ್ತಿರ ಬಂದರೆ, ತಗುಲಿದ ಜಾಗದಲ್ಲಿ ರೇಖೆಗಳು ಕಡಿದು, ಅದಲುಬದಲಾಗಿ ಮತ್ತೆ ಕೂಡಿಕೊಂಡು, ಎರಡೂ ಸೇರಿ ಒಂದೇ ಹಗ್ಗವಾಗುತ್ತವೆ. ಆಗ ಹೊರಬೀಳುವ ಶಕ್ತಿಯೇ ಬಿರುಗಾಳಿ. ರೇಖೆ ಕಡಿಯಬೇಕಾದರೆ ಪ್ಲಾಸ್ಮಾದಲ್ಲಿ ಚೂರಾದರೂ ವಿದ್ಯುತ್ ರೋಧ ಇರಬೇಕು. ರೋಧ ಸೊನ್ನೆಯಾದರೆ ರೇಖೆ ಕಡಿಯುವಂತಿಲ್ಲ, ಹಗ್ಗಗಳು ಒಂದನ್ನೊಂದು ತಳ್ಳಿಕೊಂಡು ನಿಲ್ಲಬೇಕು ಅಷ್ಟೆ. ಇದು ನಮ್ಮ ಶಾಸ್ತ್ರದ ಅಆಇಈ.

ಐದು ವರ್ಷ ಅವರ ಕೈಕೆಳಗೆ ಇದ್ದೆ. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಕಡಿಮೆ. ನಾಲ್ಕು ಜನರ ಎದುರು ‘ಏನ್ ಬಾಗಲಕೋಟೆ’ ಎಂದು ಕರೆಯುತ್ತಿದ್ದರು. ನಾನು ‘ಹೌದ್ರೀ ಸರ್’ ಎಂದರೆ ಆ ‘ರೀ’ಯನ್ನು ಎಳೆದು ಅಣಕಿಸುತ್ತಿದ್ದರು. ಒಂದು ಚಿತ್ರದ ಬಣ್ಣವನ್ನು ಹದಿನಾಲ್ಕು ಸಲ ಬದಲಾಯಿಸಲು ಹೇಳಿ, ಕೊನೆಗೆ ಮೊದಲನೆಯದೇ ಪರವಾಗಿರಲಿಲ್ಲ ಎಂದರು. ಅವ್ವನ ಕಣ್ಣಿನ ಆಪರೇಷನ್ನಿಗೆ ರಜೆ ಕೇಳಿದಾಗ, ಆಪರೇಷನ್ ಡಾಕ್ಟರು ಮಾಡ್ತಾರೋ ನೀನು ಮಾಡ್ತೀಯೋ ಎಂದು ಕೇಳಿದ ಮನುಷ್ಯ. ರಜೆ ಕೊಟ್ಟರು, ಆದರೆ ಆ ಮಾತು ಕೇಳಿಸಿಕೊಂಡ ಮೇಲೆ ಕೊಟ್ಟರೆಷ್ಟು ಬಿಟ್ಟರೆಷ್ಟು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯ ಕಾಲು ತೋರಿಸಿದರೆ ಅದನ್ನು ಕಂಡವರ ಕಣ್ಣೇ ಸರಿಯಿಲ್ಲ ಎನ್ನುವವರು.

ಇನ್ನೊಂದು ಪದ್ಧತಿ ಇತ್ತು, ರನ್ ಪುಸ್ತಕ. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಒಂದು ಸಲ ಓಡಿಸಿದರೆ ಅದು ಒಂದು ರನ್. ಓಡಿಸುವ ಮುಂಚೆ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ರನ್ನಿನ ನಂಬರು, ಬಲೆಯ ಅಳತೆ, ರೋಧ ಎಷ್ಟು ಎಂದು ಪೆನ್ನಿನಲ್ಲಿ ಬರೆಯಬೇಕು. ಮುಗಿದ ಮೇಲೆ ಏನಾಯಿತೆಂದು ಒಂದು ಸಾಲು. ಬಲೆ ಎಂದರೆ, ಜಾಗವನ್ನೆಲ್ಲ ಚಿಕ್ಕ ಚಿಕ್ಕ ಚೌಕಗಳಾಗಿ ಭಾಗ ಮಾಡಿಕೊಂಡು ಲೆಕ್ಕ ಮಾಡುವುದು. ಎಲ್ಲವೂ ಕಂಪ್ಯೂಟರಿನಲ್ಲೇ ಇರುವಾಗ ಕೈಯಲ್ಲಿ ಯಾಕೆ ಬರೆಯಬೇಕು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪೆನ್ನಿನಲ್ಲಿ ಬರೆದದ್ದನ್ನು ಹೊಡೆದುಹಾಕಿದರೆ ಗೊತ್ತಾಗುತ್ತದೆ, ಅದಕ್ಕೇ ಇರಬೇಕು…

ಅವರ ಹೆಸರು ನಾಲ್ಕು ಕಡೆ ಕೇಳಿಬರುತ್ತಿದ್ದದ್ದು ಹಳೆಯ ಒಂದು ಪ್ರಬಂಧದಿಂದ. ಎರಡು ಹಗ್ಗ ಕೂಡಿಕೊಳ್ಳುವ ವೇಗ ರೋಧದ ಮೇಲೆ ಅವಲಂಬಿಸಿಲ್ಲ, ರೋಧವನ್ನು ಎಷ್ಟು ಕಡಿಮೆ ಮಾಡಿದರೂ ವೇಗ ಅಷ್ಟೇ ಇರುತ್ತದೆ ಎಂದು ಅದರಲ್ಲಿ ತೋರಿಸಿದ್ದರು. ಸೂರ್ಯನ ಮೇಲೆ ರೋಧ ತೀರಾ ಕಡಿಮೆ, ಆದರೂ ಬಿರುಗಾಳಿಗಳು ನಿಮಿಷಗಳಲ್ಲಿ ಏಳುತ್ತವೆ. ಅದಕ್ಕೆ ಉತ್ತರ ಸಿಕ್ಕಿತು ಎಂದು ಜನ ಕೊಂಡಾಡಿದರು. ನನ್ನ ಥೀಸಿಸ್ ಅದರದೇ ಮುಂದುವರಿಕೆ. ಅವರದೇ ಕಂಪ್ಯೂಟರ್ ಪ್ರೋಗ್ರಾಮು, ಅವರದೇ ಬಲೆ, ನಾನು ಹಗ್ಗಗಳ ಹುರಿಯನ್ನು ಹೆಚ್ಚುಕಡಿಮೆ ಮಾಡಿ ನೋಡುತ್ತಿದ್ದೆ. ನಮ್ಮಿಬ್ಬರ ಹೆಸರಿನಲ್ಲೂ ಒಂದು ಪ್ರಬಂಧ ಅಚ್ಚಾಯಿತು. ಥೀಸಿಸ್ಸಿನ ಸಾರಾಂಶ ಬರೆದು, ಅವರ ಸಹಿಗೆಂದು ಮೇಜಿನ ಮೇಲೆ ಇಟ್ಟಿದ್ದೆ. ಆಡಳಿತ ಮಂಡಳಿ ಕೊಟ್ಟ ಗಡುವಿಗೆ ಇನ್ನೊಂದು ವರ್ಷ ಇತ್ತು.

ಆಗ ಬಂತು ನೂರ ಹದಿನೆಂಟನೇ ರನ್. ಹಗ್ಗಗಳನ್ನು ದೂರ ಇಟ್ಟರೆ ಸುಮ್ಮನೆ ನಿಲ್ಲುತ್ತವೆಯೇ ಎಂದು ನೋಡಲು ಹಿಂದಿನ ವಾರ ನಾನು ಕಂಪ್ಯೂಟರಿನಲ್ಲಿ ರೋಧಕ್ಕೆ ಸೊನ್ನೆ ಹಾಕಿದ್ದೆ. ಅದನ್ನು ಮತ್ತೆ ಬದಲಾಯಿಸಲು ಮರೆತೆ. ಪುಸ್ತಕದಲ್ಲಿ ಮಾತ್ರ ಅಭ್ಯಾಸಬಲದಿಂದ ಎಂದಿನ ಬೆಲೆಯನ್ನೇ ಬರೆದೆ. ಶುಕ್ರವಾರ ಓಡಿಸಿದ್ದನ್ನು ಸೋಮವಾರ ಬೆಳಿಗ್ಗೆ ತೆರೆದು ನೋಡಿದರೆ, ಕೆಂಪು ಹಗ್ಗ ನೀಲಿ ಹಗ್ಗ ಎಂದಿನಂತೆ ಚೆಂದವಾಗಿ ಕೂಡಿಕೊಂಡಿದ್ದವು. ವೇಗವೂ ಅಷ್ಟೇ. ಮಧ್ಯಾಹ್ನ ಚಿತ್ರದ ಕೆಳಗೆ ವಿವರ ಬರೆಯಲೆಂದು, ಅಂಕಿಗಳಿದ್ದ ಇನ್‌ಪುಟ್ ಫೈಲ್ ತೆರೆದಾಗ ಆ ಸೊನ್ನೆ ಕಂಡಿತು.

ಫೈಲ್ ಮುಚ್ಚಿ ಮತ್ತೆ ತೆರೆದೆ, ಸೊನ್ನೆಯೇ. ರೋಧವೇ ಇಲ್ಲದೆ ರೇಖೆಗಳನ್ನು ಕಡಿದದ್ದು ಯಾರು? ಬಲೆ. ನಮ್ಮ ಬಲೆಯ ಚೌಕಗಳು ದೊಡ್ಡವಾಗಿದ್ದವು. ಒಂದೇ ಚೌಕದೊಳಗೆ ಎದುರುಬದುರು ರೇಖೆಗಳು ಬಂದು ಬಿದ್ದರೆ ಲೆಕ್ಕ ಅವನ್ನು ಒಂದಕ್ಕೊಂದು ಕಳೆದು ಅಳಿಸಿಹಾಕುತ್ತಿತ್ತು. ದೊಡ್ಡ ಕಣ್ಣಿನ ಜರಡಿಯಲ್ಲಿ ಮೈದಾ ಜರಡಿ ಹಿಡಿದ ಹಾಗೆ, ನಿಲ್ಲಬೇಕಾದ್ದು ನಿಲ್ಲುತ್ತಲೇ ಇರಲಿಲ್ಲ. ರೋಧ ಎಷ್ಟಿದ್ದರೂ ವೇಗ ಒಂದೇ ಯಾಕೆ ಬರುತ್ತಿತ್ತು ಎಂಬುದೂ ಆಗಲೇ ತಿಳಿಯಿತು. ನಾವು ಬರೆಯುತ್ತಿದ್ದ ರೋಧಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಜನ ಕೊಂಡಾಡಿದ ಅವರ ಪ್ರಬಂಧವೂ ನನ್ನ ಐದು ವರ್ಷವೂ ಸೂರ್ಯನ ಬಗ್ಗೆ ಆಗಿರಲಿಲ್ಲ, ನಮ್ಮ ಬಲೆಯ ತೂತುಗಳ ಬಗ್ಗೆ ಆಗಿತ್ತು.

ಓಡಿಹೋಗಿ ಅವರಿಗೆ ಹೇಳಿದೆ. ಅವರು ಊಟದ ಡಬ್ಬಿ ಬಿಚ್ಚಿಕೊಂಡು ಮುದ್ದೆ ಮುರಿಯುತ್ತಿದ್ದರು. ಕೈ ಹಾಗೇ ನಿಂತಿತು. "ಸೊನ್ನೆ ಆಕು ಅಂತ ಯಾರಮ್ಮ ಏಳಿದ್ದು ನಿಂಗೆ?" ಎಂದು ಕೂಗಿದರು. ಐದು ವರ್ಷದಲ್ಲಿ ಒಂದು ಸೊನ್ನೆ ನೆಟ್ಟಗೆ ಇಡೋದು ಕಲಿಯಲಿಲ್ಲ, ನಿಮ್ಮ ಕಡೆಯವರ ಹಣೆಬರಹವೇ ಇಷ್ಟು ಎಂದರು. ಕಾರಿಡಾರಿನಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ನಾನು ತಲೆ ತಗ್ಗಿಸಿ ಹೊರಗೆ ಬಂದೆ.

ಆಮೇಲೆ ಎರಡು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಸಾರಾಂಶಕ್ಕೆ ಸಹಿಯೂ ಬೀಳಲಿಲ್ಲ. ನನ್ನನ್ನು ಕಂಪ್ಯೂಟರಿನಿಂದ ಎಬ್ಬಿಸಿ ತಾವೇ ಕೂತು ಏನೋ ಓಡಿಸುತ್ತಿದ್ದರು. ಒಂದು ದಿನ ಕಾಲೇಜಿನಲ್ಲೆಲ್ಲ ಸುದ್ದಿಯಾಯಿತು: ಅವರು ವಿಜ್ಞಾನ ಪತ್ರಿಕೆಗಳಿಗೆ ಬರೆದು ತಮ್ಮ ಹಳೆಯ ಪ್ರಬಂಧವನ್ನೂ, ನಮ್ಮಿಬ್ಬರ ಪ್ರಬಂಧವನ್ನೂ ವಾಪಸ್ ತೆಗೆದುಕೊಂಡಿದ್ದರು. ವಿಶ್ವವಿದ್ಯಾಲಯಕ್ಕೂ ಬರೆದು ನನ್ನ ಥೀಸಿಸ್ ನಿಲ್ಲಿಸಿದ್ದರು. ಪತ್ರಿಕೆಗೆ ಬರೆದ ಪತ್ರವನ್ನು ನಾನು ಓದಿದೆ. ‘ಲೆಕ್ಕ ಓಡಿಸಿ ನೋಡಿದವನು ನಾನು, ತಪ್ಪು ಪೂರ್ತಿ ನನ್ನದು, ಜೊತೆಯ ಲೇಖಕಿಯದು ಏನೂ ಇಲ್ಲ’ ಎಂದಿತ್ತು. ಆ ‘ಏನೂ ಇಲ್ಲ’ ಎಂಬ ಎರಡು ಪದ ಓದಿ ನನ್ನ ಮೈ ಉರಿದುಹೋಯಿತು. ಕಂಡವಳು ನಾನು, ಹೋಗಿ ಹೇಳಿದವಳು ನಾನು. ಪ್ರಾಮಾಣಿಕ ಎಂಬ ಹೆಸರು ಮಾತ್ರ ಅವರಿಗೆ.

ಅವತ್ತು ಅವರ ಕೋಣೆಗೆ ನುಗ್ಗಿ, "ನನ್ನ ಐದು ವರ್ಷ ವಾಪಸ್ ಕೊಡ್ರಿ ಸರ್" ಎಂದೆ. ಅವರು ತಲೆಯೆತ್ತಲಿಲ್ಲ. "ಕೊಡಕ್ಕಾಗಲ್ಲಮ್ಮ. ಬಲೆ ಸಣ್ಣದು ಮಾಡಿ ಮತ್ತೆ ಮೊದಲಿಂದ ಮಾಡು. ಇನ್ನೆರಡು ವರ್ಸ. ನಾನಿರ್ತೀನಿ" ಎಂದರು. ಆ ‘ನಾನಿರ್ತೀನಿ’ ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ನೀವು ಇಲ್ಲದಿದ್ದರೆ ನಾನು ಎಂದೋ ಡಾಕ್ಟರ್ ಆಗಿರುತ್ತಿದ್ದೆ ಎಂದು ಹೇಳಿ ಬಂದುಬಿಟ್ಟೆ. ಗಡುವು ಮುಗಿಯಿತು, ಕಾಲೇಜಿನವರು ನನ್ನನ್ನು ಬಿಡಿಸಿದರು. ಈಗ ಯಲಹಂಕದ ಒಂದು ಕೋಚಿಂಗ್ ಸೆಂಟರಿನಲ್ಲಿ ಪಿಯುಸಿ ಮಕ್ಕಳಿಗೆ ಓಮನ ನಿಯಮ ಹೇಳಿಕೊಡುತ್ತೇನೆ. ಹೆಸರಿನ ಹಿಂದೆ ಏನೂ ಇಲ್ಲ.

ಇಷ್ಟು ನಾನು ಎಲ್ಲರಿಗೂ ಹೇಳುವ ಕಥೆ. ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಅವ್ವನಿಗೂ ಹೇಳಿದ್ದೇನೆ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಒಂದು ದಿನವನ್ನು ಬಿಟ್ಟುಬಿಟ್ಟಿದ್ದೇನೆ.

ಆ ಸೋಮವಾರ ಮುದ್ದೆಯ ಕೈಯಲ್ಲೇ ಕೂಗಾಡಿದ ಮೇಲೆ, ನಾನು ಬಾಗಿಲು ದಾಟುವಾಗ ಅವರು ಇನ್ನೊಂದು ಮಾತು ಹೇಳಿದ್ದರು. ಆ ಹೊತ್ತಿಗೆ ದನಿ ಇಳಿದಿತ್ತು. "ಆ ರನ್ ಮುಟ್ಬೇಡ. ಅಂಗೇ ಇರ್ಲಿ. ನಾಳೆ ನಾನು ಕೂತು ನೋಡ್ತೀನಿ" ಎಂದರು.

ನಾನು ಲ್ಯಾಬಿಗೆ ಹೋಗಿ ಕೂತೆ. ಬಾಗಲಗುಂಟೆಯ ಮನೆ ಕಣ್ಣಮುಂದೆ ಬಂತು, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದ ಅವ್ವ ಬಂದಳು, ಮೇಜಿನ ಮೇಲೆ ಸಹಿಗೆ ಕಾಯುತ್ತಿದ್ದ ಸಾರಾಂಶ ಬಂತು. ಹೇಳಿದ್ದೇ ದಡ್ಡತನವಾಯಿತು ಎನ್ನಿಸಿತು. ಸಾಕ್ಷಿ ಇಲ್ಲದಿದ್ದರೆ ಅವರೂ ಸುಮ್ಮನಾದಾರು, ತಮ್ಮ ಹೆಸರು ಕೆಡಿಸಿಕೊಳ್ಳಲು ಯಾರಿಗೆ ಇಷ್ಟ ಎಂದುಕೊಂಡೆ. ನೂರ ಹದಿನೆಂಟನೇ ರನ್ನಿನ ಫೋಲ್ಡರನ್ನು ಪೂರ್ತಿ ಅಳಿಸಿದೆ. ಪುಸ್ತಕ ತೆಗೆದು, ಆ ನಂಬರಿನ ಮುಂದೆ ಪೆನ್ನಿನಲ್ಲಿ ‘ಕರೆಂಟ್ ಹೋಗಿ ಅರ್ಧಕ್ಕೆ ನಿಂತಿತು’ ಎಂದು ಬರೆದೆ. ಅಕ್ಷರ ಎಂದಿನಂತೆ ದುಂಡಗೇ ಬಂತು.

ಮರುದಿನ ಅವರು ಬಂದು ಆ ರನ್ ತೋರಿಸು ಎಂದರು. ನಾನು ಪುಸ್ತಕವನ್ನು ಮುಂದೆ ತಳ್ಳಿದೆ. ಅವರು ಆ ಸಾಲನ್ನು ಓದಿದರು. ನನ್ನ ಮುಖ ನೋಡಿದರು. ಹಿಂದಿನ ದಿನ ನಾನೇ ಓಡಿಬಂದು ಹಗ್ಗಗಳು ಕೂಡಿಕೊಂಡವು ಎಂದು ಹೇಳಿದ್ದೆ, ಈಗ ಅರ್ಧಕ್ಕೆ ನಿಂತಿತು ಎನ್ನುತ್ತಿದ್ದೇನೆ. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಹದಿನಾಲ್ಕು ಬಣ್ಣಕ್ಕೆ ಕೂಗಾಡಿದವರು ಅವತ್ತು ಒಂದು ಮಾತೂ ಆಡಲಿಲ್ಲ. ಜೇಬಿನಿಂದ ಪೆನ್ ತೆಗೆದು ಕೆಳಗಿನ ಸಾಲಿನಲ್ಲಿ ‘೧೧೯’ ಎಂದು ಬರೆದು, ರೋಧದ ಮನೆಯಲ್ಲಿ ಸೊನ್ನೆ ಹಾಕಿ, ಕುರ್ಚಿ ಎಳೆದು ಕೂತರು. ಆ ಎರಡು ತಿಂಗಳು ಅವರು ಓಡಿಸುತ್ತಿದ್ದದ್ದು ನಾನು ಅಳಿಸಿದ್ದನ್ನೇ.

ಅವರು ಕೂಗಾಡಿದ್ದರೆ ನಾನು ಕ್ಷಮಿಸುತ್ತಿದ್ದೆ. ಆ ಮೌನವನ್ನು ಕ್ಷಮಿಸಲು ನನ್ನಿಂದ ಆಗಲಿಲ್ಲ. ಅಷ್ಟು ದಿನ ಅವರು ಸಣ್ಣ ಮನುಷ್ಯ ಎಂದು ತಿಳಿದು ಹಾಯಾಗಿದ್ದೆ. ಒಂದೇ ದಿನದಲ್ಲಿ ನನ್ನನ್ನು ಸಣ್ಣವಳು ಮಾಡಿಬಿಟ್ಟರು.

ಹೋದ ತಿಂಗಳು ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಹೋಗಬಾರದು ಎಂದುಕೊಂಡೇ ಹೋದೆ. ಫೋಟೋಕ್ಕೆ ಗಂಧದ ಹಾರ ಹಾಕಿದ್ದರು. ಫೋಟೋದಲ್ಲೂ ಗಂಟು ಮುಖವೇ. ಮಾತಾಡಿದವರೆಲ್ಲ ಅದೊಂದೇ ಸಂಗತಿ ಹಿಡಿದು ಹೊಗಳಿದರು: ತಮ್ಮ ತಪ್ಪನ್ನು ತಾವೇ ಕಂಡುಹಿಡಿದು, ತಾವೇ ಜಗತ್ತಿಗೆ ಸಾರಿದ ಮಹಾನುಭಾವರು. ಅದಾದ ಮೇಲೆ ಅವರನ್ನು ಯಾವ ಸಮ್ಮೇಳನಕ್ಕೂ ಯಾರೂ ಕರೆದಿರಲಿಲ್ಲ ಎಂಬುದು ಈ ಹೊಗಳುಭಟರಿಗೆ ನೆನಪಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ನಾನು ಹಲ್ಲು ಕಚ್ಚಿದೆ. ತಾವೇ ಕಂಡದ್ದಲ್ಲ, ಕಂಡವಳು ಇಲ್ಲಿ ಕೂತಿದ್ದಾಳೆ ಎಂದು ಎದ್ದು ಕೂಗಬೇಕೆನಿಸಿತು. ಕೂಗಿದರೆ, ಆ ರನ್ ಎಲ್ಲಿದೆ ಎಂದು ಯಾರಾದರೂ ಕೇಳಿಯಾರು…

ಸಭೆ ಮುಗಿದು ಕಾಫಿ ಕೊಡುವಾಗ, ಈಗ ಆ ಲ್ಯಾಬ್ ನೋಡಿಕೊಳ್ಳುವ ಚಿಕ್ಕ ವಯಸ್ಸಿನ ಉಪನ್ಯಾಸಕಿಯೊಬ್ಬಳು ಪಕ್ಕದಲ್ಲಿ ಬಂದು ನಿಂತಳು. ಅವರ ಕೈಕೆಳಗೇ ಪಿಎಚ್.ಡಿ. ಮುಗಿಸಿದವಳು. ನಾನು ಅವರ ಹಳೇ ವಿದ್ಯಾರ್ಥಿನಿ ಎಂದು ಯಾರೋ ಹೇಳಿದ್ದರಂತೆ. ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. ಇವರೆಲ್ಲ ಹೇಳಿದ್ದು ಸರಿಯಲ್ಲ, ಸರ್ ಲ್ಯಾಬಿನಲ್ಲಿ ಪ್ರತಿ ವರ್ಷವೂ ಹೊಸಬರಿಗೆ ‘ಆ ತಪ್ಪು ಹಿಡಿದದ್ದು ನಾನಲ್ಲ, ನನ್ನ ವಿದ್ಯಾರ್ಥಿನಿ’ ಎಂದು ಹೇಳುತ್ತಿದ್ದರು ಎಂದಳು. ಅಂಥ ಕಣ್ಣು ತಮಗೂ ಇರಲಿಲ್ಲ ಎನ್ನುತ್ತಿದ್ದರಂತೆ.

"ಹೆಸ್ರು ಕೇಳಿದ್ರೆ ಮಾತ್ರ ಹೇಳ್ತಿರ್ಲಿಲ್ಲ ಮೇಡಂ," ಎಂದಳು. "ನಾನ್ ಹೇಳಿದ್ರೆ ಮಿಕ್ಕಿದ್ದೂ ಹೇಳ್ಬೇಕಾಗುತ್ತೆ, ಅವ್ಳೇ ಒಂದಿನ ಬಂದು ಹೇಳ್ಕೊಳ್ಲಿ ಅಂತಿದ್ರು. ಅದು ನೀವೇನಾ?"

ಕಾಫಿ ಬಿಸಿಯಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದಿದ್ದರೆ, ಹತ್ತು ವರ್ಷ ಅವರ ಮೇಲೆ ಹೊರಿಸಿದ್ದನ್ನೆಲ್ಲ ಅಲ್ಲೇ ನಿಂತು ಇಳಿಸಬೇಕಾಗಿತ್ತು.

"ಅಲ್ಲ" ಎಂದೆ. ಬೇರೆ ಯಾರೋ ಇರಬೇಕು, ನನಗೆ ಗೊತ್ತಿಲ್ಲ ಎಂದೂ ಸೇರಿಸಿದೆ. ಅವಳ ಮುಖ ಸಪ್ಪಗಾಯಿತು. ಅವಳು ಬೇರೆಯವರನ್ನು ಮಾತಾಡಿಸಲು ಹೋದಳು.

ಅವರ ಮೇಲಿನ ಸಿಟ್ಟು ಇವತ್ತಿಗೂ ಹಾಗೇ ಇದೆ. ಬಾಗಲಕೋಟೆ ಎಂದು ಕರೆದದ್ದನ್ನು ನಾನು ಮರೆತಿಲ್ಲ, ಅವ್ವನ ಕಣ್ಣಿನ ವಿಷಯಕ್ಕೆ ಆಡಿದ ಮಾತನ್ನೂ ಮರೆಯುವುದಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ, ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ, ಸುಮ್ಮಸುಮ್ಮನೆ ಒಂದು ಯೋಚನೆ ಬರುತ್ತದೆ. ನನ್ನ ಜೀವನದಲ್ಲಿ ಒಂದೇ ಒಂದು ಸಲ ನಾನು ಯಾರೂ ಕಾಣದ್ದನ್ನು ಕಂಡಿದ್ದೆ. ಅದು ನಾನೇ ಎಂದು ಗೊತ್ತಿದ್ದವರು ಇಡೀ ಲೋಕದಲ್ಲಿ ಒಬ್ಬರಿದ್ದರು. ಅವರು ಹೋದರು, ನಾನು ‘ಅಲ್ಲ’ ಎಂದೆ.